ತೆರಿಗೆ ಕಾಯ್ದೆಗೆ ಒಂದು ಸಾಲು ಸೇರುವುದು ಹೇಗೆ

2023ರ ಫೆಬ್ರವರಿಯಲ್ಲಿ ಆಮದು ಅಡಿಕೆಯ ಕನಿಷ್ಠ ದರ ಕಿಲೋಗೆ 251 ರೂಪಾಯಿಯಿಂದ 351ಕ್ಕೆ ಏರಿದ್ದು ಶಿರಸಿ, ಸಿದ್ದಾಪುರ, ಯಲ್ಲಾಪುರದ ಬೆಳೆಗಾರರಿಗೆ ನೆನಪಿರುತ್ತದೆ. ‘ಬೆಳೆಗಾರರನ್ನು ಕಾಪಾಡಿ’ ಎಂಬ ಮನವಿ ಓದಿದ ಅಧಿಕಾರಿ ತಲೆದೂಗಿ ಕಡತ ಮುಚ್ಚಬಹುದು. ‘251 ಇರುವಲ್ಲಿ 351 ಎಂದು ತಿದ್ದಿ’ ಎಂದರೆ ಅವರ ಕೈಗೊಂದು ಕೆಲಸ ಸಿಕ್ಕಂತೆ. ಸಾಫ್ಟ್‌ವೇರ್ ಮತ್ತು ಇಂಟರ್ನೆಟ್ ಕಂಪನಿಗಳು ತೆರಿಗೆ ವಿಷಯದಲ್ಲಿ ದಿಲ್ಲಿಯಲ್ಲಿ ನಡೆಸುವ ಲಾಬಿಯೂ ಬಹುಪಾಲು ಇಂಥದೇ ಕಾಗದದ ಕೆಲಸ: ಯಾವ ಸೆಕ್ಷನ್, ಯಾವ ಪದ, ಯಾವ ತಾರೀಕು. ಶಿರಸಿಯಲ್ಲೋ ಕಾರವಾರದಲ್ಲೋ ಹತ್ತು-ಹದಿನೈದು ಜನರನ್ನಿಟ್ಟುಕೊಂಡು ಸಾಫ್ಟ್‌ವೇರ್ ಮಾಡುವವರೂ ಈ ಕೆಲಸ ಕಲಿಯಬೇಕು ಎಂಬುದು ನಮ್ಮ ಖಚಿತ ಅಭಿಪ್ರಾಯ. ದೊಡ್ಡವರ ವಾದದಲ್ಲಿ ಸಣ್ಣ ಕಂಪನಿಯ ಕಷ್ಟ ಪದೇಪದೇ ಬರುತ್ತದೆ. ಆ ಕಷ್ಟವನ್ನು ಸಣ್ಣವರೇ ಬರೆದುಕೊಟ್ಟದ್ದು ಕಡಿಮೆ.

ತಾರೀಕಿನಿಂದಲೇ ಶುರು ಮಾಡೋಣ. ಆದಾಯ ತೆರಿಗೆ ಕಾಯ್ದೆಯ 10ಎ ಸೆಕ್ಷನ್ ಪ್ರಕಾರ ಸಾಫ್ಟ್‌ವೇರ್ ಟೆಕ್ನಾಲಜಿ ಪಾರ್ಕ್ ಯೋಜನೆಯ ಘಟಕಗಳ ರಫ್ತು ಲಾಭಕ್ಕೆ ಹತ್ತು ವರ್ಷ ತೆರಿಗೆ ರಜೆ ಇತ್ತು. 2000ದ ಹಣಕಾಸು ಕಾಯ್ದೆ ಆ ರಜೆಗೆ ಕೊನೆಯ ದಿನ ಗೊತ್ತುಮಾಡಿತು: 2009ರ ಮಾರ್ಚ್ 31. ಗಡುವು ಸಮೀಪಿಸಿದಾಗ ಉದ್ಯಮದ ಸಂಘಟನೆ ನಾಸ್ಕಾಮ್ ಸಣ್ಣ ಕಂಪನಿಗಳನ್ನು ಮುಂದಿಟ್ಟು ವಾದ ಹೂಡಿತು. ದೊಡ್ಡವರು ವಿಶೇಷ ಆರ್ಥಿಕ ವಲಯಕ್ಕೆ ಹೋಗಿ 10ಎಎ ವಿನಾಯ್ತಿ ಪಡೆದಾರು, ಸಣ್ಣವರಿಗೆ ಅದು ಆಗದ ಮಾತು ಎಂಬುದು ಅದರ ತಿರುಳು. 2008ರ ಫೆಬ್ರವರಿಯ ಬಜೆಟ್ ಭಾಷಣದಲ್ಲಿ ವಿಸ್ತರಣೆಯ ಸುದ್ದಿ ಇರಲಿಲ್ಲ. ಏಪ್ರಿಲ್ ಕೊನೆಯಲ್ಲಿ ಹಣಕಾಸು ಮಸೂದೆ ಚರ್ಚೆಗೆ ಬಂದಾಗ ಹಣಕಾಸು ಸಚಿವ ಪಿ. ಚಿದಂಬರಂ ಗಡುವನ್ನು ಒಂದು ವರ್ಷ ಮುಂದೂಡಿದರು. ಮರುವರ್ಷ ಜುಲೈ ಬಜೆಟ್‌ನಲ್ಲಿ ಪ್ರಣಬ್ ಮುಖರ್ಜಿ ಇನ್ನೊಂದು ವರ್ಷ ಕೊಟ್ಟರು. 2011ರ ಮಾರ್ಚ್ 31ಕ್ಕೆ ರಜೆ ಮುಗಿಯಿತು. ಭಾಷಣ ಮುಗಿದ ದಿನವೇ ಬಾಗಿಲು ಮುಚ್ಚುವುದಿಲ್ಲ ಎಂಬುದು ಇಲ್ಲಿ ಗಮನಿಸಬೇಕಾದ ಸಂಗತಿ.

ಈ ವಿಸ್ತರಣೆಯ ಲಾಭ ಯಾರಿಗೆ ಎಷ್ಟು? ವಿನಾಯ್ತಿ ಲಾಭದ ಮೇಲೆ ನಿಂತಿತ್ತು. ಶೇ. 30ರ ದರದಲ್ಲಿ ಲೆಕ್ಕ ಹಾಕಿದರೆ 10 ಲಕ್ಷ ಲಾಭದ ಘಟಕಕ್ಕೆ ಉಳಿಯುವುದು 3 ಲಕ್ಷ. 1,000 ಕೋಟಿ ಲಾಭದ ಕಂಪನಿಗೆ 300 ಕೋಟಿ. ಲಾಭವೇ ಕಾಣದ ಹೊಸ ಘಟಕಕ್ಕೆ ಸೊನ್ನೆ. ವಾದಕ್ಕೆ ಸಣ್ಣವರ ಮುಖ, ಹಣದ ಹರಿವು ದೊಡ್ಡವರ ಕಡೆಗೆ. ನಾಸ್ಕಾಮ್ ಸುಳ್ಳು ಹೇಳಿತೆಂದು ಇದರ ಅರ್ಥವಲ್ಲ, ಸಣ್ಣವರ ಕಷ್ಟ ನಿಜವೇ ಆಗಿತ್ತು. ಆದರೆ ‘ವಾರ್ಷಿಕ ಲಾಭ ಇಷ್ಟು ಕೋಟಿಯೊಳಗೆ ಇರುವವರಿಗೆ ಮಾತ್ರ’ ಎಂಬ ಮಿತಿಯೊಂದು ವಿಸ್ತರಣೆಗೆ ಅಂಟಿಕೊಂಡಿರಲಿಲ್ಲ. ತೆರಿಗೆ ಬೇಡಿಕೆ ಯಾವುದೇ ಇರಲಿ, ಮೊದಲು ನೋಡಬೇಕಾದದ್ದು ಆ ಮಿತಿಯ ಸಾಲು ಇದೆಯೇ ಎಂದು.

ಗಡುವು ವಿಸ್ತರಣೆ ಪತ್ರಿಕೆಗಳ ಮುಖಪುಟದ ವಿಷಯ. ಸುದ್ದಿಯಾಗದೆ ಆಗುವ ಕೆಲಸ ನಮಗೆ ಅದಕ್ಕಿಂತ ಮುಖ್ಯವಾಗಿ ಕಾಣುತ್ತದೆ. ಇಂಜಿನಿಯರನ್ನು ವಿದೇಶಕ್ಕೆ ಕಳಿಸಿ ಗ್ರಾಹಕರ ಕಚೇರಿಯಲ್ಲೇ ಮಾಡಿಸಿದ ಕೆಲಸ ‘ಸಾಫ್ಟ್‌ವೇರ್ ರಫ್ತು’ ಆಗುತ್ತದೋ ಇಲ್ಲವೋ ಎಂಬ ಜಗಳ ವರ್ಷಗಟ್ಟಲೆ ನಡೆದಿತ್ತು. 2012ರಲ್ಲಿ ಎನ್. ರಂಗಾಚಾರಿ ಸಮಿತಿ ಉದ್ಯಮದ ಅಹವಾಲು ಕೇಳಿತು. 2013ರ ಜನವರಿಯಲ್ಲಿ ನೇರ ತೆರಿಗೆ ಮಂಡಳಿ ಒಂದು ಸುತ್ತೋಲೆ ಹೊರಡಿಸಿ ಅಂಥ ಕೆಲಸಕ್ಕೂ ವಿನಾಯ್ತಿ ಸಲ್ಲುವ ಷರತ್ತುಗಳನ್ನು ಬಿಡಿಸಿ ಹೇಳಿತು. ಅದೇ ವರ್ಷ ಸೇಫ್ ಹಾರ್ಬರ್ ನಿಯಮಗಳೂ ಬಂದವು: ವಿದೇಶಿ ಮಾತೃಸಂಸ್ಥೆಗೆ ಕೆಲಸ ಮಾಡಿಕೊಡುವ ಘಟಕ ಇಂತಿಷ್ಟು ಶೇಕಡಾ ಲಾಭ ತೋರಿಸಿದರೆ ಇಲಾಖೆ ಅದನ್ನು ಕೆದಕದೆ ಒಪ್ಪಿಕೊಳ್ಳುತ್ತದೆ. ಸುತ್ತೋಲೆಗೆ ಸಂಸತ್ತಿನ ಮತ ಬೇಕಿಲ್ಲ, ನಿಯಮವನ್ನು ಸದನದ ಮುಂದಿಟ್ಟರೂ ಅದು ಚರ್ಚೆಗೆ ಬರುವುದು ತೀರಾ ಕಡಿಮೆ. ಹಾಗಾಗಿ ಅನುಭವಿ ಸಲಹೆಗಾರರು ಕಾಯ್ದೆ ತಿದ್ದುಪಡಿ ಕೇಳುವ ಮೊದಲು ‘ಸುತ್ತೋಲೆಯಿಂದ ಆಗುತ್ತದೆಯೇ’ ಎಂದು ಪರೀಕ್ಷಿಸುತ್ತಾರೆ.

ಸಣ್ಣವರು ಒಗ್ಗಟ್ಟಾಗಿ ಗೆದ್ದ ಉದಾಹರಣೆಯೂ ಇದೆ. 2012ರಲ್ಲಿ 56(2)(viiಬಿ) ಎಂಬ ಕಲಮು ಬಂತು. ಜನ ಅದಕ್ಕೆ ಏಂಜೆಲ್ ತೆರಿಗೆ ಎಂದು ಹೆಸರಿಟ್ಟರು. ಕುಮಟಾದ ಒಂದು ಹೊಸ ಕಂಪನಿಯನ್ನು ಕಲ್ಪಿಸಿಕೊಳ್ಳಿ. ಷೇರಿನ ನ್ಯಾಯಬೆಲೆ 100 ರೂಪಾಯಿ ಎಂದು ನಿಯಮದಂತೆ ಲೆಕ್ಕ ಬಂದಿದೆ. ಹೂಡಿಕೆದಾರರು ಮುಂದಿನ ಭರವಸೆ ನಂಬಿ 400 ಕೊಟ್ಟು 10,000 ಷೇರು ಕೊಳ್ಳುತ್ತಾರೆ. ಹೆಚ್ಚುವರಿ 300 ರೂಪಾಯಿಯಂತೆ 30 ಲಕ್ಷ ‘ಇತರ ಮೂಲದ ಆದಾಯ’ ಆಗಿಬಿಡುತ್ತದೆ. ತೆರಿಗೆ ಸುಮಾರು 9 ಲಕ್ಷ. ಆ ವರ್ಷದ ವ್ಯಾಪಾರ ನಷ್ಟವನ್ನು ಇದರಲ್ಲಿ ಕಳೆಯಬಹುದು, ಹಿಂದಿನ ವರ್ಷಗಳಿಂದ ಹೊತ್ತು ತಂದ ನಷ್ಟವನ್ನು ಕಳೆಯುವಂತಿಲ್ಲ. ಸಂಬಳಕ್ಕೆಂದು ತಂದ ಬಂಡವಾಳದಲ್ಲೇ ತೆರಿಗೆ ಕಟ್ಟುವ ಪರಿಸ್ಥಿತಿ. 2019ರಲ್ಲಿ ಮಾನ್ಯತೆ ಪಡೆದ ಸ್ಟಾರ್ಟಪ್‌ಗಳಿಗೆ 25 ಕೋಟಿವರೆಗೆ ವಿನಾಯ್ತಿ ಸಿಕ್ಕಿತು. 2023ರಲ್ಲಿ ವಿದೇಶಿ ಹೂಡಿಕೆಗೂ ಕಲಮು ಚಾಚಿಕೊಂಡಿತು. 2024ರ ಜುಲೈ ಬಜೆಟ್ ಅದನ್ನು ಪೂರ್ತಿ ತೆಗೆಯಿತು. ಹನ್ನೆರಡು ವರ್ಷ! ಇಲ್ಲಿ ವಾದವನ್ನು ಗೆಲ್ಲಿಸಿದ್ದು ಮೇಲಿನಂಥ ಲೆಕ್ಕ. ಅದನ್ನು ಯಾರು ಬೇಕಾದರೂ ಐದು ನಿಮಿಷದಲ್ಲಿ ಮಾಡಿ ನೋಡಬಹುದಿತ್ತು.

ಜಾಗತಿಕ ದೈತ್ಯರ ಹಾದಿಯೇ ಬೇರೆ. ಆನ್‌ಲೈನ್ ಜಾಹೀರಾತಿಗೆಂದು ವಿದೇಶಿ ಕಂಪನಿಗಳಿಗೆ ಕೊಡುವ ಹಣದ ಮೇಲೆ 2016ರಲ್ಲಿ ಶೇ. 6ರ ಸಮೀಕರಣ ಶುಲ್ಕ ಬಂತು. ಗೋಕರ್ಣದ ಹೋಮ್‌ಸ್ಟೇ ಮಾಲೀಕರೊಬ್ಬರು ವರ್ಷಕ್ಕೆ ಒಂದೂವರೆ ಲಕ್ಷದ ಜಾಹೀರಾತನ್ನು ನೇರವಾಗಿ ವಿದೇಶಿ ಕಂಪನಿಗೆ ಕೊಟ್ಟರೆ 9,000 ರೂಪಾಯಿ ಹಿಡಿದು ಸರ್ಕಾರಕ್ಕೆ ಕಟ್ಟುವ ಹೊಣೆ ಮಾಲೀಕರದಾಗಿತ್ತು. ‘ನಮ್ಮ ಬಿಲ್ಲು ಪೂರ್ತಿ ಕೊಡಿ’ ಎಂದು ಆ ಕಂಪನಿ ಹಟ ಹಿಡಿದರೆ ಹೊರೆಯೂ ಇವರದೇ ಆಗುತ್ತಿತ್ತು. 2020ರಲ್ಲಿ ಇ-ಕಾಮರ್ಸ್‌ಗೆ ಶೇ. 2 ಸೇರಿದಾಗ ಅಮೆರಿಕದ ವ್ಯಾಪಾರ ಪ್ರತಿನಿಧಿ ಕಚೇರಿ ತನಿಖೆ ನಡೆಸಿ ಇದು ತಾರತಮ್ಯ ಎಂದು ಹೇಳಿತು. ಶೇ. 2ರ ಶುಲ್ಕ 2024ರ ಆಗಸ್ಟ್ 1ಕ್ಕೆ, ಶೇ. 6ರದು 2025ರ ಏಪ್ರಿಲ್ 1ಕ್ಕೆ ರದ್ದಾದವು. ಅಮೆರಿಕದಲ್ಲಿ ಯಾವ ಕಂಪನಿ ಯಾವ ಮಸೂದೆಗಳ ಬಗ್ಗೆ ಲಾಬಿ ನಡೆಸಿತು, ಲಾಬಿಗೆ ಒಟ್ಟು ಎಷ್ಟು ಖರ್ಚು ಮಾಡಿತು ಎಂಬುದನ್ನು 1995ರ ಕಾಯ್ದೆಯಡಿ ಮೂರು ತಿಂಗಳಿಗೊಮ್ಮೆ ಬಹಿರಂಗ ಮಾಡಬೇಕು. ನಮ್ಮಲ್ಲಿ ಅಂಥ ಕಾಯ್ದೆ ಇಲ್ಲ. ಇದು ದೊಡ್ಡ ಕೊರತೆ.

‘ಈ ರಿಯಾಯಿತಿಯಿಂದ ಇಷ್ಟು ಉದ್ಯೋಗ’ ಎಂಬ ಮಾತನ್ನು ಹೇಗೆ ತೂಗಬೇಕು? ರಿಯಾಯಿತಿ ಇಲ್ಲದಿದ್ದರೆ ಏನಾಗುತ್ತಿತ್ತು ಎಂಬುದಕ್ಕೆ ಉತ್ತರ ಬೇಕು. 10ಎ ವಿಷಯದಲ್ಲಿ ಅದಕ್ಕೊಂದು ಸಹಜ ದಾರಿ ಇದೆ. ರಜೆ ಹತ್ತೇ ವರ್ಷ. 1998ರಲ್ಲಿ ಶುರುವಾದ ಘಟಕಕ್ಕೆ 2008ರಲ್ಲೇ ಮುಗಿಯಿತು, 2001ರದಕ್ಕೆ 2011ರವರೆಗೆ ಇತ್ತು. ನಡುವಿನ ವರ್ಷಗಳಲ್ಲಿ ಎರಡೂ ಗುಂಪಿನ ನೇಮಕಾತಿ ಹೇಗೆ ಬದಲಾಯಿತೆಂದು ಹೋಲಿಸಿದರೆ ತೆರಿಗೆಯ ಪ್ರಭಾವ ಬೇರ್ಪಡುತ್ತದೆ. ಒಟ್ಟು ಉದ್ಯೋಗಗಳನ್ನೆಲ್ಲ ರಿಯಾಯಿತಿಯ ಖಾತೆಗೆ ಬರೆಯುವ ವರದಿಗಳು ಈ ಕೆಲಸ ಮಾಡಿರುವುದಿಲ್ಲ.

ಈಗ ಮನವಿ. ಬಜೆಟ್‌ಗೆ ಮುಂಚೆ, ಸಾಮಾನ್ಯವಾಗಿ ಅಕ್ಟೋಬರ್-ನವೆಂಬರ್‌ನಲ್ಲಿ, ಹಣಕಾಸು ಸಚಿವಾಲಯ ಉದ್ಯಮ ಸಂಘಗಳಿಂದ ಸಲಹೆ ಕೇಳುತ್ತದೆ. ನೇರ ಮತ್ತು ಪರೋಕ್ಷ ತೆರಿಗೆಗೆ ಬೇರೆ ಬೇರೆ ಪತ್ರ ಬೇಕು. ಜಿಎಸ್‌ಟಿ ದರ ಬಜೆಟ್‌ನಲ್ಲಿ ತೀರ್ಮಾನವಾಗುವುದಿಲ್ಲ. ಅದು ಜಿಎಸ್‌ಟಿ ಮಂಡಳಿಯದು, ರಾಜ್ಯ ಸರ್ಕಾರದ ಮೂಲಕ ಹೋಗಬೇಕು. ಎರಡನ್ನೂ ಒಂದೇ ಪತ್ರದಲ್ಲಿ ತುರುಕಿದರೆ ಎರಡೂ ಕಡೆ ನಿಲ್ಲುವುದಿಲ್ಲ.

ಮಾದರಿಗೆ ಒಂದು ನಿಜವಾದ ತೊಡಕು ತೆಗೆದುಕೊಳ್ಳಿ. ಸ್ಟಾರ್ಟಪ್‌ಗೆ ಹತ್ತು ವರ್ಷಗಳಲ್ಲಿ ಮೂರು ವರ್ಷ ತೆರಿಗೆ ರಜೆ ಕೊಡುವ 80-ಐಎಸಿ ಸೆಕ್ಷನ್‌ನ ಲಾಭ ಸಿಗುವುದು ಕಂಪನಿ ಅಥವಾ ಎಲ್‌ಎಲ್‌ಪಿಗೆ (ಸೀಮಿತ ಹೊಣೆಯ ಪಾಲುದಾರಿಕೆ) ಮಾತ್ರ. ಮಾನ್ಯತೆ ಪತ್ರ ಬಂದರೆ ಸಾಕು ಎಂದುಕೊಂಡವರು ಎಡವುವುದು ಇಲ್ಲೇ, ಅಂತರ ಸಚಿವಾಲಯ ಮಂಡಳಿಯ ಪ್ರಮಾಣಪತ್ರ ಬೇರೆಯೇ ಬೇಕು. ಇಬ್ಬರು ಗೆಳೆಯರು ಸೇರಿ ನೋಂದಾಯಿಸಿದ ಪಾಲುದಾರಿಕೆ ಸಂಸ್ಥೆಗಂತೂ ಅದು ದಕ್ಕುವುದೇ ಇಲ್ಲ. ಬೇಡಿಕೆ ಹೀಗಿರಲಿ: ‘ಕಂಪನಿ ಅಥವಾ ಎಲ್‌ಎಲ್‌ಪಿ’ ಎಂಬ ಪದಗಳ ನಂತರ ‘ಅಥವಾ ನೋಂದಾಯಿತ ಪಾಲುದಾರಿಕೆ ಸಂಸ್ಥೆ’ ಎಂದು ಸೇರಿಸಿ. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಬಂದು ಸೆಕ್ಷನ್ ಸಂಖ್ಯೆಗಳೆಲ್ಲ ಬದಲಾಗಿವೆ. ಆಡಿಟರ್ ಹತ್ತಿರ ಕೂತು ಹೊಸ ಸಂಖ್ಯೆಯನ್ನೇ ಬರೆಸಿ.

ಮುಂದಿನದು ಸರ್ಕಾರಕ್ಕೆ ಬೀಳುವ ಹೊರೆ. ಬಹುತೇಕ ಮನವಿಗಳು ಇದನ್ನು ಬಿಟ್ಟೇಬಿಡುತ್ತವೆ. 100 ಸಂಸ್ಥೆ, ಸರಾಸರಿ 8 ಲಕ್ಷ ಲಾಭ, ಸೆಸ್ ಸೇರಿ ಶೇ. 31.2: ವರ್ಷಕ್ಕೆ ಸುಮಾರು 2.5 ಕೋಟಿ. ಸಂಸ್ಥೆಗಳ ಸಂಖ್ಯೆ ಊಹೆಯಾದರೆ ಊಹೆ ಎಂದೇ ಬರೆಯಿರಿ, 500 ಆದರೆ ಎಷ್ಟೆಂಬುದನ್ನೂ ಪಕ್ಕದಲ್ಲೇ ಕೊಡಿ. ಯಾವ ರಿಯಾಯಿತಿಗೆ ಎಷ್ಟು ಆದಾಯ ಬಿಟ್ಟುಕೊಡಲಾಗಿದೆ ಎಂಬ ತಖ್ತೆಯನ್ನು ಸರ್ಕಾರವೇ ಬಜೆಟ್ ಕಾಗದಗಳ ಜೊತೆ ಅಚ್ಚುಹಾಕುತ್ತದೆ, ನಿಮ್ಮ ಅಂಕಿ ಅದರ ಪಕ್ಕ ನಿಲ್ಲುವಂತಿರಬೇಕು. ದುರುಪಯೋಗ ತಡೆಯುವ ಮಿತಿಯನ್ನೂ ನೀವೇ ಸೂಚಿಸಿ, ಉದಾಹರಣೆಗೆ ವಹಿವಾಟಿನ ಗರಿಷ್ಠ ಮೊತ್ತ. ಎರಡು ಪುಟ ದಾಟಬೇಡಿ. ಒಂಟಿಯಾಗಿ ಕಳಿಸುವ ಬದಲು ಹುಬ್ಬಳ್ಳಿಯ ವಾಣಿಜ್ಯೋದ್ಯಮ ಸಂಸ್ಥೆಯಂಥ ಸಂಘದ ಮೂಲಕ ಹೋಗಲಿ, ಅದರ ಒಂದು ನಕಲು ನಿಮ್ಮ ಸಂಸದರಿಗೂ ಇರಲಿ.

ಫೆಬ್ರವರಿ 1ರ ಸಂಜೆ ಹಣಕಾಸು ಮಸೂದೆ ಜಾಲತಾಣದಲ್ಲಿ ಸಿಗುತ್ತದೆ. ಭಾಷಣ ಬಿಟ್ಟು ಮಸೂದೆಯನ್ನೂ ಅದರ ವಿವರಣಾ ಪತ್ರವನ್ನೂ ಓದಿ. ನಿಮ್ಮ ಸಾಲು ಅಲ್ಲಿಲ್ಲದಿದ್ದರೆ ಅದೇ ಎರಡು ಪುಟವನ್ನು ಮರುದಿನವೇ ಸಂಸದರ ಕಚೇರಿಗೆ ತಲುಪಿಸಿ, ಮಸೂದೆ ಅಂಗೀಕಾರವಾಗುವುದು ಸಾಮಾನ್ಯವಾಗಿ ಮಾರ್ಚ್ ಕೊನೆಗೆ.