ಹಳೇ ಡೆಸ್ಕ್‌ಟಾಪ್ ಆನ್ ಆಗುತ್ತಿಲ್ಲ: ಎಲ್ಲಿಂದ ಹುಡುಕುವುದು?

ಹಾರ್ಡ್‌ವೇರ್ ಕಲಿಯುತ್ತಿರುವವರಿಗೆ ಈ ಟಿಪ್ಪಣಿ. ಉದಾಹರಣೆಗೆ 2009-10ರ ಸುಮಾರಿನ ಡೆಸ್ಕ್‌ಟಾಪ್ ಒಂದನ್ನು ಇಟ್ಟುಕೊಳ್ಳೋಣ. ಡಿಡಿಆರ್2 ರ್‍ಯಾಮ್, ಸಾಟಾ ಹಾರ್ಡ್ ಡಿಸ್ಕ್, ವಿಂಡೋಸ್ 7. ಜೆರಾಕ್ಸ್ ಅಂಗಡಿಗಳಲ್ಲಿ, ಶಾಲೆಯ ಲ್ಯಾಬ್‌ಗಳಲ್ಲಿ ಇಂಥವು ಇನ್ನೂ ಸಿಗುತ್ತವೆ.

"ಆನ್ ಆಗ್ತಿಲ್ಲ" ಅನ್ನುವ ದೂರನ್ನು ಹಾಗೇ ನಂಬಬೇಡಿ. ಫ್ಯಾನೇ ತಿರುಗದಿದ್ದರೂ ಜನ ಹಾಗೇ ಹೇಳುತ್ತಾರೆ, ಫ್ಯಾನ್ ತಿರುಗಿ ಡಿಸ್‌ಪ್ಲೇ ಬರದಿದ್ದರೂ ಹಾಗೇ, ಎಲ್ಲ ಬಂದು ವಿಂಡೋಸ್ ಮಾತ್ರ ಬರದಿದ್ದರೂ ಹಾಗೇ. ಯಾವ ಪಾರ್ಟ್ ಹೋಗಿದೆ ಅಂತ ಊಹೆ ಮಾಡುವ ಮೊದಲು, ಯಾವ ಹಂತದವರೆಗೆ ಸರಿಯಾಗಿ ಬಂತು ಅಂತ ನೋಡಿ. ಅದರ ಮುಂದಿನ ಹಂತದಲ್ಲೇ ತೊಂದರೆ ಇರುತ್ತದೆ.

ಫ್ಯಾನೇ ತಿರುಗದಿದ್ದರೆ

ಮೊದಲು ಪವರ್ ಕೇಬಲ್ ಬದಲಿಸಿ. ಮಾನಿಟರಿನ ಕೇಬಲ್ ಸಾಮಾನ್ಯವಾಗಿ ಇದಕ್ಕೂ ಆಗುತ್ತದೆ. ಕೆಲವು ಹಳೇ ಎಸ್‌ಎಂಪಿಎಸ್‌ಗಳ (ಕ್ಯಾಬಿನೆಟ್ಟಿನೊಳಗೆ ಎಲ್ಲ ಪಾರ್ಟುಗಳಿಗೂ ಕರೆಂಟ್ ಕೊಡುವ ಡಬ್ಬ) ಹಿಂದೆ 115/230 ಅಂತ ಕೆಂಪು ಸ್ವಿಚ್ ಇರುತ್ತದೆ. ನಮ್ಮ ಕರೆಂಟಿಗೆ ಅದು 230ರಲ್ಲೇ ಇರಬೇಕು. 115ಕ್ಕೆ ತಳ್ಳಿ ಆನ್ ಮಾಡಿದರೆ ಢಬ್ ಅಂತ ಸದ್ದು ಬಂದು ಎಸ್‌ಎಂಪಿಎಸ್ ಕಥೆ ಮುಗಿಯುತ್ತದೆ.

ಇನ್ನು ಹಸಿರು-ಕಪ್ಪು ಪರೀಕ್ಷೆ. ಪ್ಲಗ್ ಕಿತ್ತು, ಮದರ್‌ಬೋರ್ಡಿನಿಂದ 24 ಪಿನ್ ಕನೆಕ್ಟರ್ ಬಿಡಿಸಿ. ಅದರಲ್ಲಿ ಹಸಿರು ವೈರ್ ಒಂದೇ ಇರುತ್ತದೆ. ಅದಕ್ಕೂ ಪಕ್ಕದ ಕಪ್ಪು ವೈರಿಗೂ ಪೇಪರ್ ಕ್ಲಿಪ್ ಬಗ್ಗಿಸಿ ಸಿಕ್ಕಿಸಿ, ಆಮೇಲೆ ಪ್ಲಗ್ ಹಾಕಿ. ಎಸ್‌ಎಂಪಿಎಸ್ ಫ್ಯಾನ್ ತಿರುಗಬೇಕು. ಲೋಡ್ ಇಲ್ಲದೆ ಕೆಲವು ಹಳೆಯವು ಏಳುವುದಿಲ್ಲ, ಒಂದು ಡಿವಿಡಿ ಡ್ರೈವನ್ನಾದರೂ ಜೋಡಿಸಿರಿ.

ಇದು ಯಾಕೆ ಕೆಲಸ ಮಾಡುತ್ತದೆ? ಕ್ಯಾಬಿನೆಟ್ಟಿನ ಬಟನ್ ನೇರವಾಗಿ ಕರೆಂಟ್ ಹಾಯಿಸುವುದಿಲ್ಲ. ನೇರಳೆ ವೈರಿನಲ್ಲಿ ಸದಾ 5 ವೋಲ್ಟ್ ಸ್ಟ್ಯಾಂಡ್‌ಬೈ ಇರುತ್ತದೆ. ಬಟನ್ ಒತ್ತಿದಾಗ ಮದರ್‌ಬೋರ್ಡ್ ಆ ಶಕ್ತಿಯಿಂದಲೇ ಹಸಿರು ವೈರನ್ನು ಗ್ರೌಂಡಿಗೆ, ಅಂದರೆ ಕಪ್ಪು ವೈರಿಗೆ, ಎಳೆಯುತ್ತದೆ. ಅದೇ ಕೆಲಸವನ್ನು ನಾವು ಕ್ಲಿಪ್ಪಿನಿಂದ ಮಾಡಿದೆವು ಅಷ್ಟೇ. ನೇರಳೆಯಲ್ಲೇ 5 ವೋಲ್ಟ್ ಇಲ್ಲದಿದ್ದರೆ ಬಟನ್ ಎಷ್ಟು ಒತ್ತಿದರೂ ದಂಡ.

ಫ್ಯಾನ್ ತಿರುಗಿತು ಅಂತ ಎಸ್‌ಎಂಪಿಎಸ್ ಪಾಸ್ ಮಾಡಿಬಿಡಬೇಡಿ. ಪ್ಲಗ್ ಕಿತ್ತು, ಕ್ಲಿಪ್ ತೆಗೆದು, ಕನೆಕ್ಟರನ್ನು ಬೋರ್ಡಿಗೆ ಮತ್ತೆ ಹಾಕಿ. ಆನ್ ಆದರೆ ಮಲ್ಟಿಮೀಟರಿನ ಕಡ್ಡಿಯನ್ನು ಕನೆಕ್ಟರಿನ ಹಿಂದಿನಿಂದ ತೂರಿಸಿ ಅಳೆಯಿರಿ. ಹಳದಿ 11.4ರಿಂದ 12.6, ಕೆಂಪು 4.75ರಿಂದ 5.25 ವೋಲ್ಟ್ ಒಳಗಿರಬೇಕು. ಎಸ್‌ಎಂಪಿಎಸ್ ಡಬ್ಬ ಮಾತ್ರ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಒಳಗಿನ ದೊಡ್ಡ ಕೆಪ್ಯಾಸಿಟರುಗಳಲ್ಲಿ 300 ವೋಲ್ಟಿನಷ್ಟು ಚಾರ್ಜ್ ಉಳಿದಿರಬಹುದು.

ಎಸ್‌ಎಂಪಿಎಸ್ ಸರಿ ಇದ್ದರೆ ಬಟನ್ ಮೇಲೆ ಅನುಮಾನ. ಬೋರ್ಡಿನಲ್ಲಿ ಪವರ್ ಸ್ವಿಚ್ ವೈರ್ ಕಿತ್ತು, ಆ ಎರಡು ಪಿನ್ನನ್ನು ಸ್ಕ್ರೂಡ್ರೈವರ್ ತುದಿಯಿಂದ ಒಂದು ಕ್ಷಣ ಮುಟ್ಟಿಸಿ. ಆನ್ ಆದರೆ ಬಟನ್ನೇ ಕೆಟ್ಟಿದೆ. ರೀಸೆಟ್ ಬಟನ್ನಿನ ವೈರನ್ನು ಅಲ್ಲಿಗೆ ಹಾಕಿಕೊಳ್ಳಿ, ಖರ್ಚಿಲ್ಲದೆ ಕೆಲಸ ಆಗುತ್ತದೆ!

ಫ್ಯಾನ್ ಇದೆ, ಡಿಸ್‌ಪ್ಲೇ ಇಲ್ಲ

ಬೇರೆ ಗ್ರಾಫಿಕ್ಸ್ ಕಾರ್ಡ್ ಹಾಕಿದ್ದರೆ ಮಾನಿಟರ್ ಕೇಬಲ್ ಅದಕ್ಕೇ ಹೋಗಿದೆಯಾ ನೋಡಿ. ಆಮೇಲೆ ಪ್ಲಗ್ ಕಿತ್ತು ರ್‍ಯಾಮ್ ಪೂರ್ತಿ ತೆಗೆದು, ಮತ್ತೆ ಆನ್ ಮಾಡಿ. ಬೋರ್ಡಿಗೆ ಸ್ಪೀಕರ್ ಜೋಡಿಸಿದ್ದು, ಅದು ಬೀಪ್ ಬೀಪ್ ಅಂತ ಕೂಗಿದರೆ ಖುಷಿಪಡಿ. ಕೂಗುವಷ್ಟರ ಮಟ್ಟಿಗೆ ಪ್ರೊಸೆಸರ್, ಬಯಾಸ್ (ಆನ್ ಆದ ಕೂಡಲೇ ಮೊದಲು ಓಡುವ, ಬೋರ್ಡಿನಲ್ಲೇ ಇರುವ ಪ್ರೋಗ್ರಾಂ) ಎರಡೂ ಜೀವಂತ ಇವೆ ಅಂತ ಅರ್ಥ. ರ್‍ಯಾಮಿನ ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿ ಒರೆಸಿ, ಒಂದೊಂದಾಗಿ ಹಾಕಿ ನೋಡಿ. ಮಳೆಗಾಲದ ಥಂಡಿಗೆ ಈ ತೊಂದರೆ ಜಾಸ್ತಿ. ಸದ್ದೇ ಇಲ್ಲದಿದ್ದರೆ ಪ್ರೊಸೆಸರ್ ಪಕ್ಕದ 4 ಪಿನ್ ಕನೆಕ್ಟರ್ ಗಟ್ಟಿಯಾಗಿ ಕೂತಿದೆಯಾ ನೋಡಿ, ತಲೆ ಉಬ್ಬಿದ ಕೆಪ್ಯಾಸಿಟರುಗಳಿಗಾಗಿ ಕಣ್ಣಾಡಿಸಿ. ಎಷ್ಟು ಬೀಪಿಗೆ ಯಾವ ತೊಂದರೆ ಅನ್ನುವ ಬೀಪ್ ಕೋಡುಗಳ ಪಟ್ಟಿ ಬಾಯಿಪಾಠ ಮಾಡುವುದು ನನ್ನ ಪ್ರಕಾರ ಸುಮ್ನೆ ಶ್ರಮ. ಬಯಾಸ್ ಮಾಡುವ ಕಂಪನಿಗಳಲ್ಲಿ ಎಎಂಐನದು ಬೇರೆ, ಅವಾರ್ಡಿನದು ಬೇರೆ.

ಡಿಸ್‌ಪ್ಲೇ ಇದೆ, ವಿಂಡೋಸ್ ಇಲ್ಲ

ಇಲ್ಲಿ ಸುಮಾರು ಜನ ಎಡವುವುದು ಸಿಮಾಸ್ ಬ್ಯಾಟರಿಯಲ್ಲಿ. ಬೋರ್ಡಿನ ಗಡಿಯಾರವನ್ನೂ ಬಯಾಸ್ ಸೆಟ್ಟಿಂಗುಗಳನ್ನೂ ಉಳಿಸುವ, ಸಿಆರ್2032 ಅನ್ನುವ 3 ವೋಲ್ಟಿನ ಬಿಲ್ಲೆ ಅದು. ಪ್ಲಗ್‌ನಲ್ಲಿ ಕರೆಂಟ್ ಇರುವಷ್ಟು ಹೊತ್ತು ಗಡಿಯಾರಕ್ಕೆ ಸ್ಟ್ಯಾಂಡ್‌ಬೈ ಶಕ್ತಿ ಸಿಗುತ್ತದೆ, ಬ್ಯಾಟರಿ ಖರ್ಚಾಗುವುದಿಲ್ಲ. ನಾವು ರಾತ್ರಿ ಗೋಡೆಯ ಸ್ವಿಚ್ಚನ್ನೇ ಆಫ್ ಮಾಡುತ್ತೇವೆ, ಅಲ್ವಾ? ಹಾಗಾಗಿ ನಮ್ಮಲ್ಲಿ ಬೇಗ ಸೋಲುತ್ತದೆ. ಆಗ "ಚೆಕ್‌ಸಮ್ ಎರರ್, ಎಫ್1 ಒತ್ತಿ" ಅಂತ ಬರುತ್ತದೆ. ಎಲ್ಲರೂ ಎಫ್1 ಒತ್ತಿ ಮುಂದೆ ಹೋಗುತ್ತಾರೆ.

ಸೆಟ್ಟಿಂಗುಗಳು ಡೀಫಾಲ್ಟಿಗೆ ಬಂದಿರುವುದು ಗಮನಕ್ಕೆ ಬರುವುದಿಲ್ಲ. ಹಾರ್ಡ್ ಡಿಸ್ಕಿನ ಜೊತೆ ಬೋರ್ಡ್ ಮಾತಾಡುವ ರೀತಿಯೇ ಸಾಟಾ ಮೋಡ್; ಎಎಚ್‌ಸಿಐ, ಐಡಿಇ ಅದರ ಬಗೆಗಳು. ವಿಂಡೋಸ್ 7 ಹಾಕಿದ್ದು ಎಎಚ್‌ಸಿಐ ಮೋಡಿನಲ್ಲಿ, ಈಗ ಸಾಟಾ ಮೋಡ್ ಐಡಿಇ ಆಗಿದೆ ಅಂದುಕೊಳ್ಳಿ. ವಿಂಡೋಸ್ ಲೋಗೋ ಬರುತ್ತಿದ್ದಂತೆ ನೀಲಿ ಪರದೆ, ಕೋಡಿನ ಕೊನೆಯಲ್ಲಿ 7ಬಿ. ಹಾರ್ಡ್ ಡಿಸ್ಕ್ ಹೋಯ್ತು ಅಂತ ಫಾರ್ಮ್ಯಾಟ್ ಮಾಡಿ ಡೇಟಾ ಕಳೆಯುವುದು ಇಂಥ ಕಡೆಯೇ. ಬಯಾಸಿಗೆ ಹೋಗಿ ಮೊದಲು ತಾರೀಖು ನೋಡಿ. ಯಾವುದೋ ಹಳೇ ವರ್ಷ ತೋರಿಸಿದರೆ ಬ್ಯಾಟರಿ ಬದಲಿಸಿ, ತಾರೀಖು ತಿದ್ದಿ, ಸಾಟಾ ಮೋಡನ್ನು ಎಎಚ್‌ಸಿಐಗೆ ತಿರುಗಿಸಿ.

"ಬೂಟ್‌ಎಂಜಿಆರ್ ಈಸ್ ಮಿಸ್ಸಿಂಗ್" ಅಂದರೆ ಸಿಕ್ಕಿಸಿಟ್ಟ ಪೆನ್‌ಡ್ರೈವ್ ತೆಗೆದು ನೋಡಿ. ಬಯಾಸಿನಲ್ಲಿ ಹಾರ್ಡ್ ಡಿಸ್ಕೇ ಕಾಣದಿದ್ದರೆ ಸಾಟಾ ಕೇಬಲ್ ಬದಲಿಸಿ. ಡಿಸ್ಕ್ ಟಕ್ ಟಕ್ ಅನ್ನುತ್ತಿದ್ದರೆ ಮತ್ತೆ ಆನ್ ಮಾಡಲೇಬೇಡಿ. ಡೇಟಾ ಬೇಕೋ ಬೇಡವೋ ಅಂತ ಯಜಮಾನರನ್ನು ಕೇಳಿ, ಬೇಕಿದ್ದರೆ ರಿಕವರಿ ಮಾಡುವವರ ಹತ್ತಿರ ಕಳಿಸಿ.