ಸ್ಟೆಂಟ್ ಹಾಕಿದ ಮೇಲೆ ಹೃದಯ ಮೊದಲಿನಂತಾಗುತ್ತದೆಯೇ?

ಪ್ರಶ್ನೆ: ನಮ್ಮ ತಂದೆಯವರಿಗೆ 58 ವರ್ಷ. ನಾಲ್ಕು ತಿಂಗಳ ಹಿಂದೆ ಹೃದಯಾಘಾತವಾಗಿ ಸ್ಟೆಂಟ್ ಹಾಕಿದ್ದಾರೆ. ಈಗ ಎದೆನೋವಿಲ್ಲ, ಚೆನ್ನಾಗಿ ಓಡಾಡಿಕೊಂಡಿದ್ದಾರೆ. "ಬ್ಲಾಕ್ ತೆಗೆದಾಯಿತಲ್ಲ, ಇನ್ನೇಕೆ ಇಷ್ಟೊಂದು ಮಾತ್ರೆ?" ಎನ್ನುತ್ತಾರೆ. ಅವರ ಹೃದಯ ಪೂರ್ತಿ ಸರಿಹೋಗಿದೆಯೇ?

ಉತ್ತರ: ಸ್ಟೆಂಟ್ ಎಂಬ ಪುಟ್ಟ ಜಾಲರಿ ಕೊಳವೆ ತೆರೆಯುವುದು ಮುಚ್ಚಿಹೋಗಿದ್ದ ರಕ್ತನಾಳವನ್ನು. ಅಷ್ಟರೊಳಗೆ ಸತ್ತುಹೋದ ಸ್ನಾಯುವನ್ನು ಅದು ಬದುಕಿಸಲಾರದು. ರಕ್ತನಾಳ ಪೂರ್ತಿ ಮುಚ್ಚಿಕೊಂಡ ಅರ್ಧ ಗಂಟೆಯ ಆಸುಪಾಸಿನಲ್ಲೇ ಹೃದಯದ ಜೀವಕೋಶಗಳು ಸಾಯತೊಡಗುತ್ತವೆ. ಚರ್ಮದಂತೆ ಹೊಸ ಕೋಶಗಳನ್ನು ಬೆಳೆಸಿಕೊಂಡು ಆ ಜಾಗವನ್ನು ತುಂಬಿಕೊಳ್ಳುವ ಶಕ್ತಿ ಹೃದಯಕ್ಕೆ ಇಲ್ಲವೆನ್ನುವಷ್ಟು ಕಡಿಮೆ. ಆರರಿಂದ ಎಂಟು ವಾರಗಳಲ್ಲಿ ಅಲ್ಲಿ ಕೊಲಾಜೆನ್ ನಾರುಗಳಿಂದಾದ ಗಾಯದ ಕಲೆ ಗಟ್ಟಿಯಾಗುತ್ತದೆ. ಅದು ಹೃದಯದ ಗೋಡೆಯನ್ನು ಹಿಡಿದು ನಿಲ್ಲಿಸುತ್ತದೆಯೇ ಹೊರತು ಕುಗ್ಗಿ ರಕ್ತವನ್ನು ತಳ್ಳುವುದಿಲ್ಲ. ರಕ್ತನಾಳ ಎಷ್ಟು ಬೇಗ ತೆರೆಯಿತೋ ಕಲೆ ಅಷ್ಟು ಚಿಕ್ಕದು. ತಾಲ್ಲೂಕು ಆಸ್ಪತ್ರೆಯಲ್ಲೇ ಹೆಪ್ಪು ಕರಗಿಸುವ ಚುಚ್ಚುಮದ್ದು ಕೊಡುವ ಕರ್ನಾಟಕದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯ ಹಿಂದಿರುವ ಲೆಕ್ಕಾಚಾರವೂ ಇದೇ.

ಜನರಿಗೆ ಅಷ್ಟಾಗಿ ತಿಳಿಯದಿರುವುದು ಆನಂತರದ ಬದಲಾವಣೆ. ಒಂದು ಭಾಗ ಕೆಲಸ ನಿಲ್ಲಿಸಿದಾಗ ಉಳಿದ ಸ್ನಾಯು ಅದರ ಪಾಲನ್ನೂ ಹೊರಬೇಕಾಗುತ್ತದೆ. ಜೊತೆಗೆ ರಕ್ತದೊತ್ತಡ ಕುಸಿಯದಿರಲೆಂದು ದೇಹವು ಅಡ್ರಿನಲಿನ್, ಆಂಜಿಯೊಟೆನ್ಸಿನ್ ಮೊದಲಾದ ಹಾರ್ಮೋನುಗಳನ್ನು ಹೆಚ್ಚಿಸುತ್ತದೆ. ಈ ಒತ್ತಡಕ್ಕೆ ಸಿಕ್ಕ ಎಡ ಹೃತ್ಕುಕ್ಷಿಯು (ದೇಹಕ್ಕೆಲ್ಲ ರಕ್ತ ತಳ್ಳುವ ಹೃದಯದ ಕೋಣೆ) ತಿಂಗಳು, ವರ್ಷಗಳು ಕಳೆದಂತೆ ಮೆಲ್ಲಗೆ ಹಿಗ್ಗಿ, ಮೊನಚಾದ ತನ್ನ ಆಕಾರ ಕಳೆದುಕೊಂಡು ಗುಂಡಗಾಗಬಹುದು. ಆಗ ಆ ಕೋಣೆಯ ಬಾಗಿಲಿನಂತಿರುವ ಮಿಟ್ರಲ್ ಕವಾಟ ಸರಿಯಾಗಿ ಮುಚ್ಚದೆ ಸೋರತೊಡಗಬಹುದು, ದೇಹಕ್ಕೆ ಬೇಕಾದಷ್ಟು ರಕ್ತ ತಳ್ಳಲಾಗದ ಸ್ಥಿತಿಯಾದ ಹೃದಯ ವೈಫಲ್ಯ ಹತ್ತಿರವಾಗುತ್ತದೆ. ಕಲೆಯ ಅಂಚಿನಲ್ಲಿ ವಿದ್ಯುತ್ ಸಂಕೇತ ಸುತ್ತು ಹಾಕತೊಡಗಿದರೆ ಹೃದಯ ಬಡಿತದ ಪ್ರಾಣಾಪಾಯದ ಲಯದೋಷವೂ ಉಂಟಾಗಬಹುದು.

ಇವೆಲ್ಲ ಎದೆನೋವಿನ ಸುಳಿವೇ ಇಲ್ಲದೆ ನಡೆಯಬಲ್ಲವಾದ್ದರಿಂದ "ಆರಾಮಾಗಿದ್ದೇನೆ" ಎಂಬ ಮಾತೊಂದನ್ನೇ ನೆಚ್ಚಿಕೊಂಡು ಮಾತ್ರೆ ಬಿಡುವುದು ದೊಡ್ಡ ತಪ್ಪಾದೀತು. 1992ರಲ್ಲಿ ಪ್ರಕಟವಾದ 'ಸೇವ್' ಅಧ್ಯಯನವು ನಿಮ್ಮ ತಂದೆಯವರ ಪ್ರಶ್ನೆಗೆ ಬಹಳ ಹತ್ತಿರದ್ದು. ಆಘಾತದ ನಂತರ ಹೃದಯ ದುರ್ಬಲಗೊಂಡಿದ್ದರೂ ವೈಫಲ್ಯದ ಲಕ್ಷಣಗಳಿಲ್ಲದವರಿಗೆ, ಆಂಜಿಯೊಟೆನ್ಸಿನ್ ಉತ್ಪತ್ತಿಯನ್ನು ತಗ್ಗಿಸುವ ಕ್ಯಾಪ್ಟೊಪ್ರಿಲ್ ಮಾತ್ರೆ ಕೊಟ್ಟಾಗ ಅವರಲ್ಲಿ ಸಾವೂ ವೈಫಲ್ಯವೂ ಕಡಿಮೆಯಾದವು. ಇಂದು ಕೊಡುವ ರಾಮಿಪ್ರಿಲ್ ಅದೇ ಗುಂಪಿನದು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಎರಡು ಮಾತ್ರೆಗಳನ್ನು ಸಾಮಾನ್ಯವಾಗಿ ಒಂದು ವರ್ಷ, ಅನಂತರ ಒಂದನ್ನು ಜೀವನಪರ್ಯಂತ ಕೊಡುತ್ತಾರೆ. ವೈದ್ಯರನ್ನು ಕೇಳದೆ ಇವನ್ನು ನಡುವೆ ನಿಲ್ಲಿಸಿದರೆ ಸ್ಟೆಂಟ್ ಒಳಗೇ ಹೆಪ್ಪುಗಟ್ಟುವ ಭಯವಿದೆ. ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆಯೂ ಮುಂದುವರಿಯಬೇಕು, ಏಕೆಂದರೆ ಕಾಯಿಲೆ ಇರುವುದು ಸ್ಟೆಂಟ್ ಹಾಕಿದ ಒಂದು ಜಾಗದಲ್ಲಿ ಮಾತ್ರವಲ್ಲ. ಬೀಡಿ, ಸಿಗರೇಟಿನ ಅಭ್ಯಾಸವಿದ್ದರೆ ಅದನ್ನು ಪೂರ್ತಿ ಬಿಡುವುದಂತೂ ಯಾವ ಮಾತ್ರೆಗೂ ಕಡಿಮೆಯದಲ್ಲ.

ಹೃದಯ ಎಷ್ಟು ಚೇತರಿಸಿಕೊಂಡಿದೆ ಎಂಬುದನ್ನು ತಿಳಿಯಲು ಎಕೋ (ಹೃದಯದ ಅಲ್ಟ್ರಾಸೌಂಡ್) ವರದಿಯಲ್ಲಿ 'ಎಲ್‌ವಿಇಎಫ್' ಎಂಬ ಸಾಲನ್ನು ನೋಡಿ. ಪ್ರತಿ ಬಡಿತದಲ್ಲಿ ಎಡ ಹೃತ್ಕುಕ್ಷಿಯು ತನ್ನಲ್ಲಿರುವ ರಕ್ತದ ಎಷ್ಟು ಪಾಲನ್ನು ಹೊರತಳ್ಳುತ್ತದೆ ಎಂಬುದರ ಅಳತೆ ಅದು. ಆರೋಗ್ಯವಂತರಲ್ಲಿ ಸುಮಾರು 55ರಿಂದ 70 ಪ್ರತಿಶತ ಇರುತ್ತದೆ. ಆಘಾತವಾದ ವಾರದಲ್ಲಿ ಬಂದ ಅಂಕಿಯೇ ಅಂತಿಮವಲ್ಲ. ಸಾಯದೆ ಬರಿದೇ ಮಂಕಾಗಿದ್ದ ಸ್ನಾಯು ಕೆಲವು ವಾರಗಳಲ್ಲಿ ಎಚ್ಚೆತ್ತು 38 ಇದ್ದದ್ದು 50 ಆಗುವುದೂ ಉಂಟು. ಆದ್ದರಿಂದ ಸುಮಾರು ಮೂರು ತಿಂಗಳಿಗೆ ಎಕೋ ಮತ್ತೊಮ್ಮೆ ಆಗಬೇಕು. ನಿಮ್ಮಲ್ಲಿ ಇನ್ನೂ ಆಗಿರದಿದ್ದರೆ ವೈದ್ಯರನ್ನು ಕೇಳಿ ಮಾಡಿಸಿ. ಸರಿಯಾಗಿ ಔಷಧಿ ತೆಗೆದುಕೊಂಡ ಮೇಲೂ ಅಂಕಿ 35 ಅಥವಾ ಅದಕ್ಕಿಂತ ಕಡಿಮೆ ಇದ್ದರೆ, ಅಪಾಯದ ಲಯವನ್ನು ಗುರುತಿಸಿ ಸರಿಪಡಿಸುವ ಐಸಿಡಿ ಸಾಧನವನ್ನು ಎದೆಯಲ್ಲಿ ಅಳವಡಿಸುವ ಬಗ್ಗೆ ಅವರು ಮಾತನಾಡುತ್ತಾರೆ.

ಎರಡು ಮೂರು ದಿನದಲ್ಲೇ ತೂಕ ಎರಡು ಕಿಲೋ ಏರಿದರೆ, ಪಾದ ಊದಿಕೊಂಡರೆ, ಮಲಗಿದಾಗ ಉಸಿರು ಕಟ್ಟಿ ದಿಂಬಿನ ಮೇಲೆ ದಿಂಬು ಇಟ್ಟುಕೊಳ್ಳಬೇಕಾಗಿ ಬಂದರೆ ಮುಂದಿನ ತಪಾಸಣೆಯ ದಿನಕ್ಕೆ ಕಾಯದೆ ವೈದ್ಯರಿಗೆ ತಿಳಿಸಿ. ಮತ್ತೆ ಎದೆನೋವು ಬಂದರೆ, ಪ್ರಜ್ಞೆ ತಪ್ಪಿದರೆ ಅಥವಾ ಎದೆ ಇದ್ದಕ್ಕಿದ್ದಂತೆ ವಿಪರೀತ ಬಡಿದುಕೊಂಡು ತಲೆ ತಿರುಗಿದರೆ ತಕ್ಷಣ 108ಕ್ಕೆ ಕರೆ ಮಾಡಿ.