ಚೀಟಿಯ ಮೇಲಿನ 0-0-1

ಅಥಣಿ, ರಾಯಬಾಗ, ಚಿಕ್ಕೋಡಿ ಕಡೆಯ ಅನೇಕರಿಗೆ ದೊಡ್ಡ ಕಾಯಿಲೆ ಎಂದರೆ ಬೆಳಗಾವಿಗಿಂತ ಮೊದಲು ನೆನಪಾಗುವುದು ಮಹಾರಾಷ್ಟ್ರದ ಮಿರಜ. 1894ರಲ್ಲಿ ಡಾ. ವಿಲಿಯಂ ವಾನ್ಲೆಸ್ ಅಲ್ಲಿ ಆಸ್ಪತ್ರೆ ಕಟ್ಟಿದ ಮೇಲೆ ಬೆಳೆದ ರೂಢಿ ಇದು. ಗಡಿ ದಾಟಿದ ರೋಗಿ ಕನ್ನಡದಲ್ಲಿ ನೋವು ತೋಡಿಕೊಳ್ಳುತ್ತಾನೆ, ವೈದ್ಯರು ಮರಾಠಿಯಲ್ಲಿ ವಿಚಾರಿಸುತ್ತಾರೆ, ಚೀಟಿ ಇಂಗ್ಲಿಷಿನಲ್ಲಿ ಬರುತ್ತದೆ. ಬೆಳಗಾವಿ ನಗರದಲ್ಲಿ ಇದೇ ತಿರುವುಮುರುವಾಗುವುದೂ ಉಂಟು. ಮೂರು ಭಾಷೆಯ ಹಂಗಿಲ್ಲದೆ ದಾಟುವುದು 0-0-1 ಒಂದೇ: ರಾತ್ರಿ ಒಂದು ಗುಳಿಗೆ. ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್‌ಗೆ ಸಾಮಾನ್ಯವಾಗಿ ಬರೆಯುವ ಲೆಕ್ಕ ಇದೇ.

ಎಷ್ಟು ವರ್ಷ, ಏಕೆ ಎಂಬುದನ್ನು ಆ ಅಂಕಿಗಳು ಹೇಳುವುದಿಲ್ಲ. ಜ್ವರದ ಗುಳಿಗೆಗೆ ವಿವರಣೆ ಬೇಕಿಲ್ಲ, ಜ್ವರ ಬಿಟ್ಟದ್ದು ಮೈಗೇ ಗೊತ್ತಾಗುತ್ತದೆ. ಕೊಲೆಸ್ಟ್ರಾಲ್ ಏರಿದರೆ ನೋವಿಲ್ಲ, ಇಳಿದರೆ ಹಿತವಿಲ್ಲ. ಮುಂದೆಂದೋ ಆಗಬಹುದಾದ ಹೃದಯಾಘಾತ ಆಗದಿರಲಿ ಎಂದು ದಿನಾ ನುಂಗಬೇಕು ಎಂಬ ಮಾತನ್ನು ರೋಗಿಯ ಭಾಷೆಯಲ್ಲಿ, ಬಿಡುವಾಗಿ ಆಡಬೇಕು. ಇಲ್ಲವಾದರೆ ಕೊಂಡ ಗುಳಿಗೆ ತೀರಿದ ದಿನ ಚಿಕಿತ್ಸೆಯೂ ತೀರಿತು.

ಜಪಾನಿನ ಅಕಿರಾ ಎಂಡೊ ಸುಮಾರು 6,000 ಸೂಕ್ಷ್ಮಜೀವಿಗಳನ್ನು ಜಾಲಾಡಿ, 1973ರ ಹೊತ್ತಿಗೆ ಬೂಷ್ಟೊಂದರಲ್ಲಿ ಮೊದಲ ಸ್ಟ್ಯಾಟಿನ್ ಕಂಡುಹಿಡಿದರು. 1987ರಲ್ಲಿ ಲೋವಾಸ್ಟ್ಯಾಟಿನ್‌ಗೆ ಅಮೆರಿಕ ಒಪ್ಪಿಗೆ ಕೊಟ್ಟಿತು. ಅದೇ ಬಗೆಯ ಗುಳಿಗೆ ಹೃದ್ರೋಗಿಗಳ ಪ್ರಾಣ ಉಳಿಸುತ್ತದೆಂದು 1994ರಲ್ಲಿ ಖಚಿತವಾದದ್ದು ಸ್ಕ್ಯಾಂಡಿನೇವಿಯಾದ 4,444 ಜನರ ಮೇಲೆ. ಬೂಷ್ಟು ಏಷ್ಯಾದ್ದು, ಪರೀಕ್ಷೆಗೆ ಒಡ್ಡಿದ ಮೈ ಯುರೋಪಿನದು!

ನಮ್ಮವರು ಲೆಕ್ಕಕ್ಕೆ ಬಂದದ್ದು ತಡವಾಗಿ. ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತ ಸರಾಸರಿ 53ನೇ ವಯಸ್ಸಿಗೆ, ಉಳಿದವರಿಗೆ 58.8ಕ್ಕೆ ಎಂದು ಇಂಟರ್‌ಹಾರ್ಟ್ ಅಧ್ಯಯನ 2007ರಲ್ಲಿ ತೋರಿಸಿತು. ಬ್ರಿಟನ್ ಮರುವರ್ಷವೇ ಹೃದ್ರೋಗದ ಅಪಾಯ ಅಳೆಯುವ ತನ್ನ ಲೆಕ್ಕದಲ್ಲಿ ಭಾರತೀಯ ಮೂಲದವರನ್ನು ಬೇರೆಯಾಗಿ ಎಣಿಸಿತು. ಅಮೆರಿಕದ 2013ರ ಲೆಕ್ಕದಲ್ಲಿ ಇದ್ದದ್ದು ಬಿಳಿಯರು, ಕರಿಯರು ಎಂಬ ಎರಡೇ ಗುಂಪು. ದಕ್ಷಿಣ ಏಷ್ಯಾದ ಮೂಲವನ್ನು ಅಪಾಯ ಹೆಚ್ಚಿಸುವ ಅಂಶವೆಂದು ಅಲ್ಲಿ ಹೆಸರಿಸಲು 2018ರವರೆಗೆ ಕಾಯಬೇಕಾಯಿತು. ಇನ್ನೊಂದು ತೊಡಕೂ ಇದೆ. ರೋಸುವಾಸ್ಟ್ಯಾಟಿನ್ ಎಂಬ ಸ್ಟ್ಯಾಟಿನ್ ಏಷ್ಯಾದವರ ರಕ್ತದಲ್ಲಿ ಸುಮಾರು ಇಮ್ಮಡಿ ಸೇರುತ್ತದೆ, ಆದ್ದರಿಂದ ಅವರಿಗೆ 5 ಮಿಲಿಗ್ರಾಂನಿಂದ ಆರಂಭಿಸಿ ಎಂದು ಅಮೆರಿಕ 2005ರಲ್ಲಿ ಎಚ್ಚರಿಸಿತು. ಅಪಾಯ ಹೆಚ್ಚು, ಗುಳಿಗೆಯ ಪ್ರಮಾಣ ಕಡಿಮೆ: ಈ ಎರಡನ್ನೂ ಒಬ್ಬ ರೈತನಿಗೆ ಎರಡು ನಿಮಿಷದಲ್ಲಿ ತಿಳಿಸುವುದು ಹೇಗೆ?

ಅಮೆರಿಕದಲ್ಲಿ ಕರಿಯರಿಗೆ ಸ್ಟ್ಯಾಟಿನ್ ಬರೆಯುವುದು ಕಡಿಮೆ ಎಂದು ಅಲ್ಲಿನ ಅಧ್ಯಯನಗಳೇ ಹೇಳಿವೆ. ನಮ್ಮಲ್ಲಿ ಕೊರತೆಗೆ ಬಣ್ಣದ ಹಂಗಿಲ್ಲ. 17 ದೇಶಗಳ ಪ್ಯೂರ್ ಅಧ್ಯಯನದ 2011ರ ವರದಿಯಂತೆ ಹೃದ್ರೋಗ ಅಥವಾ ಪಾರ್ಶ್ವವಾಯು ಆಗಿದ್ದವರಲ್ಲಿ ಸ್ಟ್ಯಾಟಿನ್ ಸೇವಿಸುತ್ತಿದ್ದವರು ಶ್ರೀಮಂತ ದೇಶಗಳಲ್ಲಿ ಶೇ 66.5, ಭಾರತವೂ ಸೇರಿದ್ದ ಬಡ ದೇಶಗಳಲ್ಲಿ ಶೇ 3.3.

ಇಂಗ್ಲಿಷ್ ಸರಿಯಾಗಿ ಬಾರದವರಿಗೂ ಸೇವೆ ಅರ್ಥವಾಗುವಂತಿರಬೇಕೆಂದು ಅಮೆರಿಕದ ಸರ್ಕಾರ 2000ದಲ್ಲಿ ಆದೇಶ ಹೊರಡಿಸಿತ್ತು. ನಮ್ಮ ಗಡಿಯಲ್ಲಿ ದುಭಾಷಿ ಎಂದರೆ ಸಾಂಗಲಿ ಕಡೆಯಿಂದ ಬಂದ ಸೊಸೆ. ಮಾವನ ಎದುರು ಹೇಳಬಾರದ್ದನ್ನು ಆಕೆ ನುಂಗಿಕೊಳ್ಳುತ್ತಾಳೆ. ಮೂರೂ ಭಾಷೆ ಬಲ್ಲವನು ಔಷಧ ಅಂಗಡಿಯವನು. ಅವನೂ ಚೀಟಿಯಲ್ಲಿ ಇದ್ದಷ್ಟನ್ನೇ ಹೇಳಿ ಕಳುಹಿಸುತ್ತಾನೆ: "ರಾತ್ರಿ ಊಟವಾದ ಮೇಲೆ ಒಂದು."